ಟಾಸ್ಕ್ ಸಪೋರ್ಟ್ ಅಂದರೆ ಎಂತ?

ನನ್ನ ಅಕ್ಕನ ಮಗನಿಗೆ 14 ವರ್ಷ, ಆಟಿಸಂ ಉಂಟು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್ ಬಸ್ಸು ಹತ್ತಿದರೆ ಸಾಕು, ಪಿವಿಎಸ್, ಲಾಲ್‌ಬಾಗ್, ಲೇಡಿಹಿಲ್, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು ಅಂತ ಕಂಡಕ್ಟರ್‌ಗಿಂತ ಮೊದಲು ಅವನೇ ಹೇಳುತ್ತಾ ಹೋಗುತ್ತಾನೆ. ಅದೇ ಹುಡುಗ ಕಳೆದ ತಿಂಗಳು ಒಂದು ಮದುವೆಗೆ ಹೋಗಿ ಬಂದ. ಅಜ್ಜಿ ಕೇಳಿದರು, "ಮದುವೆ ಹೇಗಿತ್ತು ಮಗಾ, ಎಂತೆಲ್ಲ ಆಯ್ತು?"

"ಗೊತ್ತಿಲ್ಲ."

ಅಜ್ಜಿಗೆ ಬೇಜಾರು. ಬಸ್‌ಸ್ಟಾಪ್ ಎಲ್ಲ ನೆನಪಿರ್ತದೆ, ನಮ್ಮವರ ಮದುವೆ ನೆನಪಿಲ್ವಾ?

ಆಮೇಲೆ ನಾನು ಸುಮ್ನೆ ಕೇಳಿದೆ, "ಊಟಕ್ಕೆ ಎಲ್ಲಿ ಕೂತೆ?" ಅಲ್ಲಿಂದ ಶುರುವಾಯಿತು ನೋಡಿ. ಮೂರನೇ ಸಾಲಿನ ಕೊನೆ, ತಲೆ ಮೇಲಿನ ಫ್ಯಾನ್ ಕಿಟಿಕಿಟಿ ಅನ್ನುತ್ತಿತ್ತು, ಹೋಳಿಗೆ ಬಡಿಸುವವರು ಎರಡನೇ ಸಲ ಆ ಸಾಲಿಗೆ ಬರಲೇ ಇಲ್ಲ, ಪಕ್ಕದ ಮಾವ ಅಂಗಿಗೆ ಪಾಯಸ ಚೆಲ್ಲಿಕೊಂಡು ಯಾರೂ ನೋಡಲಿಲ್ಲ ಅಂದುಕೊಂಡರು.

ಮರೆತಿರಲಿಲ್ಲ. ಹಿಡಿದು ಎಳೆಯುವುದಕ್ಕೆ ಒಂದು ದಾರ ಬೇಕಿತ್ತು, ಅಷ್ಟೇ.

ಆ ದಾರದ ಹೆಸರೇ ಟಾಸ್ಕ್ ಸಪೋರ್ಟ್. ಡರ್ಮಟ್ ಬೌಲರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಬಳಕೆಗೆ ತಂದ ಮಾತು. ಕನ್ನಡದಲ್ಲಿ ನಾನು ಇದನ್ನು 'ಸುಳಿವಿನ ಆಸರೆ' ಅನ್ನುತ್ತೇನೆ. ಪ್ರಶ್ನೆಯಲ್ಲೇ ಸುಳಿವು ಇದ್ದರೆ ಆಟಿಸಂ ಇರುವ ಎಷ್ಟೋ ಜನ ಬೇರೆಯವರಷ್ಟೇ ಚೆನ್ನಾಗಿ ನೆನಪು ಮಾಡಿಕೊಳ್ಳುತ್ತಾರೆ, ಸುಳಿವೇ ಇಲ್ಲದೆ "ಎಲ್ಲ ಹೇಳು" ಅಂದರೆ ತಡವರಿಸುತ್ತಾರೆ.

ಯಾಕೆ ಹೀಗೆ? ಈ ಪದಗಳನ್ನು ಒಮ್ಮೆ ಓದಿ: ಬಂಗುಡೆ, ಚೆಂಬು, ಬೂತಾಯಿ, ಸೌಟು, ಅಂಜಲ್, ಬಾಣಲೆ. ಈಗ ಕಣ್ಣು ಮುಚ್ಚಿ ಹೇಳಿ. ಹೆಚ್ಚಿನವರು ತಮಗೇ ಗೊತ್ತಿಲ್ಲದೆ ಮೀನೆಲ್ಲ ಒಂದು ಕಡೆ, ಪಾತ್ರೆ ಎಲ್ಲ ಒಂದು ಕಡೆ ಮಾಡಿಕೊಂಡು ಹೇಳುತ್ತಾರೆ. ಒಂದು ಮೀನು ಸಿಕ್ಕಿದರೆ ಇನ್ನೊಂದು ಹಿಂದೆಯೇ ಬರುತ್ತದೆ. ಇಂಥ ಪ್ರಯೋಗಗಳಲ್ಲಿ ಆಟಿಸಂ ಇರುವವರು ಈ ಗುಂಪು ಕಟ್ಟುವ ಕೆಲಸವನ್ನು ತಾವಾಗಿ ಮಾಡುವುದು ಕಡಿಮೆ ಅಂತ ಕಂಡಿದೆ. ಒಂದೊಂದು ಪದವೂ ಒಳಗೆ ಉಂಟು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ತಾನಾಗಿ ಬೀಳುವುದಿಲ್ಲ. "ಮೀನು ಯಾವುದೆಲ್ಲ ಇತ್ತು?" ಅಂತ ಕೇಳಿ, ಆಗ ಬೇರೆ ಕಥೆ.

ಆಟಿಸಂ ಇರುವವರ ನೆನಪಿನ ಬಗೆಗಿನ ಮಾತು ಹೊಸತೇನಲ್ಲ. 1943ರಲ್ಲಿ ಲಿಯೋ ಕ್ಯಾನರ್ ಅನ್ನುವ ಮನೋವೈದ್ಯರು ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ ಅವರ ಬಾಯಿಪಾಠದ ಶಕ್ತಿ ಕಂಡು ಬೆರಗಾಗಿದ್ದರು. ತೊಂದರೆ ಎಂತ ಅಂದರೆ ಜನ ಅದನ್ನೇ ಹಿಡಿದುಕೊಂಡರು. ಆಟಿಸಂ ಅಂದರೆ ಕಂಪ್ಯೂಟರ್ ತಲೆ ಅನ್ನುವವರಿಗೆ ಈಗಲೂ ಬರ ಇಲ್ಲ! ಪಟ್ಟಿ ನೆನಪಿಡುವುದು ಒಂದು, ತಾನು ಅಲ್ಲಿದ್ದೆ, ಹೀಗಾಯಿತು ಅಂತ ಒಂದು ದಿನವನ್ನು ಮತ್ತೆ ಕಟ್ಟಿ ಹೇಳುವುದು ಇನ್ನೊಂದು. ಎರಡನೆಯದು ಹಲವರಿಗೆ ಕಷ್ಟ. ಎಲ್ಲರಿಗೂ ಒಂದೇ ಥರ ಅಲ್ಲ, ಅದೂ ಹೌದು.

ದೊಡ್ಡವರಾದ ಮೇಲೆ ಇದು ಜಾಸ್ತಿ ಕಾಡುವುದು ಇಂಟರ್‌ವ್ಯೂನಲ್ಲಿ. "ನೀವು ಕಷ್ಟದ ಸಂದರ್ಭ ನಿಭಾಯಿಸಿದ ಒಂದು ಉದಾಹರಣೆ ಕೊಡಿ" ಅಂತ ಕೇಳುತ್ತಾರೆ, ಅಲ್ವಾ? ಎಲ್ಲಿಂದ ಹುಡುಕುವುದು ಮಾರಾಯ್ರೆ! ಪ್ರಶ್ನೆಯನ್ನು ಮೊದಲೇ ಕೊಟ್ಟರೆ, ಇಲ್ಲವೇ ಎಲ್ಲಿ, ಯಾರ ಜೊತೆ, ಆಮೇಲೆ ಎಂತ ಮಾಡಿದಿರಿ ಅಂತ ಬಿಡಿಸಿ ಕೇಳಿದರೆ ಅದೇ ವ್ಯಕ್ತಿ ಸರಿಯಾಗಿ ಹೇಳಬಹುದು.

ಒಂದು ಮಾತು, ಸುಳಿವು ಬೇರೆ, ಉತ್ತರವನ್ನೇ ಬಾಯಿಗೆ ತುರುಕುವುದು ಬೇರೆ. "ಮದುವೆ ಗಮ್ಮತ್ತಿತ್ತು ಅಲ್ವಾ?" ಅಂದರೆ "ಹೂಂ" ಅಂತಾನೆ, ಮುಗಿಯಿತು.

ಮೊನ್ನೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದ. ಅಜ್ಜಿ ಬಾಗಿಲಲ್ಲೇ ಹಿಡಿದರು, "ಪಾಯಸ ಎಂತದ್ದು?"

"ಕಡ್ಲೆಬೇಳೆ. ಆದ್ರೆ ಮೊದಲು ಚಪ್ಪಲಿ ಕಳೆದುಹೋದದ್ದು ಹೇಳ್ಬೇಕು."