ಐದು ರೂಪ, ಒಂದೇ ನಕ್ಷೆ

ಜಪಾನಿನ ವೆಸ್ಟೋನ್ ಸಂಸ್ಥೆ, ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರವಾದ ಸೆಗಾ ಮಾಸ್ಟರ್ ಸಿಸ್ಟಮ್‌ಗಾಗಿ ರೂಪಿಸಿ 1989ರಲ್ಲಿ ಬಿಡುಗಡೆಯಾದ ‘ವಂಡರ್ ಬಾಯ್ 3: ದಿ ಡ್ರ್ಯಾಗನ್ಸ್ ಟ್ರ್ಯಾಪ್’ ಎಂಬ ವಿಡಿಯೋ ಗೇಮ್‌ನಲ್ಲಿ, ನಾಯಕನು ಆರಂಭದಲ್ಲಿಯೇ ಯಂತ್ರ ಡ್ರ್ಯಾಗನ್ ಒಂದನ್ನು ಸೋಲಿಸಿ, ಅದರ ಶಾಪಕ್ಕೆ ಸಿಲುಕಿ ಹಲ್ಲಿಯ ರೂಪ ತಾಳುತ್ತಾನೆ. ಮುಂದೆ ಒಂದೊಂದು ಡ್ರ್ಯಾಗನ್ ಸತ್ತಾಗಲೂ ಅವನ ದೇಹ ಬದಲಾಗುತ್ತದೆ: ಇಲಿ, ಪಿರಾನ್ಹಾ ಮೀನು, ಸಿಂಹ, ಗಿಡುಗ. ಕಥೆ ಸರಳವಾದದ್ದು. ಆದರೆ ಅದರ ಹಿಂದಿರುವ ಗಣಕ ತಂತ್ರವನ್ನು ಗಮನಿಸಿದರೆ, ಈ ರೂಪಾಂತರಗಳು ಯಂತ್ರದ ಬಡತನವನ್ನು ಎಷ್ಟು ಜಾಣತನದಿಂದ ನಿಭಾಯಿಸಿವೆ ಎಂಬುದು ತಿಳಿಯುತ್ತದೆ.

ಮಾಸ್ಟರ್ ಸಿಸ್ಟಮ್‌ನಲ್ಲಿದ್ದ ಸಂಸ್ಕಾರಕ (ಪ್ರೊಸೆಸರ್) ಝಡ್80. ಕೆಲಸಕ್ಕೆ 8 ಕಿಲೋಬೈಟ್ ಸ್ಮರಣೆ, ಚಿತ್ರಕ್ಕೆಂದು ಪ್ರತ್ಯೇಕವಾಗಿ 16 ಕಿಲೋಬೈಟ್. ಪರದೆಯ ಅಳತೆ 256×192 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 4 ಬಿಟ್‌ಗಳಂತೆ ಒಂದು ಪೂರ್ಣ ಚಿತ್ರವನ್ನು ಹಿಡಿದಿಡಲು 24 ಕಿಲೋಬೈಟ್ ಬೇಕು. ಅಂದರೆ ಒಂದೇ ಒಂದು ಪರದೆಯ ಚಿತ್ರಕ್ಕೂ ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಸೀರೆಯಂಚಿನ ಮೇಲೆ ಒಂದೇ ಅಚ್ಚನ್ನು ಮತ್ತೆ ಮತ್ತೆ ಒತ್ತುವ ಹಾಗೆ, 8×8 ಪಿಕ್ಸೆಲ್‌ಗಳ, ತಲಾ 32 ಬೈಟ್‌ಗಳ ಪುಟ್ಟ ಚೌಕಗಳನ್ನು ಪುನರಾವರ್ತಿಸಿ ಹಿನ್ನೆಲೆಯನ್ನು ಕಟ್ಟಲಾಗುತ್ತಿತ್ತು. ಚಲಿಸುವ ಪಾತ್ರಗಳಿಗೆ ಸ್ಪ್ರೈಟ್‌ಗಳೆಂಬ ಬೇರೆಯ ತುಣುಕುಗಳಿದ್ದವು. ಅಡ್ಡಸಾಲೊಂದರಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್‌ಗಳು ಬಂದರೆ ಉಳಿದವು ಕಾಣಿಸುತ್ತಲೇ ಇರಲಿಲ್ಲ. ಶತ್ರುಗಳು ಹೆಚ್ಚಾದಾಗ ಆ ಕಾಲದ ಆಟಗಳಲ್ಲಿ ಪಾತ್ರಗಳು ಮಿನುಗುತ್ತಿದ್ದುದಕ್ಕೆ ಈ ಮಿತಿಯೇ ಕಾರಣ.

ಇಂಥ ಯಂತ್ರದಲ್ಲಿ ವಿಶಾಲವಾದ ಲೋಕವೊಂದನ್ನು ತೋರಿಸುವುದು ಹೇಗೆ? ನಕ್ಷೆಯನ್ನು ಹಿಗ್ಗಿಸುವುದು ದುಬಾರಿ. ಆದರೆ ನಾಯಕನ ದೇಹವನ್ನು ಬದಲಿಸುವುದು ಅಗ್ಗ. ನಮಗೆ ಕಾಣುವ ಹಲ್ಲಿ, ಸಿಂಹಗಳನ್ನು ಯಂತ್ರವು ಕೆಲವು ಸಂಖ್ಯೆಗಳಾಗಿ ಮಾತ್ರ ಬಲ್ಲದು: ದೇಹವನ್ನು ಸುತ್ತುವರಿದ ಅದೃಶ್ಯ ಆಯತದ ಅಗಲ ಮತ್ತು ಎತ್ತರ, ಓಟದ ವೇಗ, ನೆಗೆತದ ಬಲ, ಪ್ರತಿ ಫ್ರೇಮ್‌ನಲ್ಲಿ, ಅಂದರೆ ಪರದೆಯ ಚಿತ್ರ ಹೊಸದಾಗುವ ಪ್ರತಿ ಬಾರಿ, ಕೆಳಮುಖ ವೇಗಕ್ಕೆ ಕೂಡುವ ಗುರುತ್ವದ ಪಾಲು. ಆ ಆಯತವು ನೆಲದ ಚೌಕವನ್ನು ತಾಗಿದರೆ ನಾಯಕ ನಿಲ್ಲುತ್ತಾನೆ, ಶತ್ರುವಿನ ಆಯತವನ್ನು ತಾಗಿದರೆ ನೋಯುತ್ತಾನೆ. ಆಯತವನ್ನು ಕುಗ್ಗಿಸಿದರೆ, ದೊಡ್ಡ ದೇಹ ನುಗ್ಗಲಾಗದ ಕಿಂಡಿಯೇ ಇಲಿಗೆ ದಾರಿಯಾಗುತ್ತದೆ. ಚೌಕುಳಿ ವಿನ್ಯಾಸದ ಇಟ್ಟಿಗೆಗಳ ಮೇಲೆ ಇಲಿಗೆ ಮಾತ್ರ ಬೇರೆಯೇ ನಿಯಮವಿದ್ದು, ಅದು ಗೋಡೆಯನ್ನೇರಿ ಚಾವಣಿಯಲ್ಲಿ ತಲೆಕೆಳಗಾಗಿ ನಡೆಯಬಲ್ಲದು. ಇತರ ರೂಪಗಳು ಮುಳುಗುವ ನೀರಿನಲ್ಲಿ ಪಿರಾನ್ಹಾ ಸಲೀಸಾಗಿ ಈಜುತ್ತದೆ. ಆಕಾಶದಲ್ಲಿ ಹಾರಾಡುವ ಗಿಡುಗಕ್ಕೋ ಅದೇ ನೀರು ಅಪಾಯಕಾರಿ. ಹೀಗೆ ಹಳೆಯ ಊರು, ಹಳೆಯ ಕಡಲತೀರ ಪ್ರತಿ ರೂಪಕ್ಕೂ ಹೊಸ ಪ್ರದೇಶವಾಗಿ ತೆರೆದುಕೊಳ್ಳುತ್ತವೆ. ಇಡೀ ಆಟದಲ್ಲಿ ನನಗೆ ಅತ್ಯಂತ ಸುಂದರವೆನಿಸುವುದು ಈ ಮಿತವ್ಯಯವೇ.

ಲಿಝರ್ಡ್‌ಕ್ಯೂಬ್ ತಂಡದ ಓಮರ್ ಕೊರ್ನು ಮತ್ತು ಬೆನ್ ಫಿಕೆ 2017ರಲ್ಲಿ ಇದರ ಹೊಸ ಆವೃತ್ತಿಯನ್ನು ಹೊರತಂದರು. ಮಾಸ್ಟರ್ ಸಿಸ್ಟಮ್ ಅನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ‘ಮೇಕಾ’ ಎಂಬ ತಂತ್ರಾಂಶವನ್ನು ಮೊದಲೇ ಬರೆದಿದ್ದ ಕೊರ್ನು, ಮೂಲ ಆಟದ ಯಂತ್ರಸಂಕೇತವನ್ನು ಬಿಡಿಸಿ ಓದಿ ಅದರ ನಿಯಮಗಳನ್ನು ಹೊರತೆಗೆದರು. ಫಿಕೆ ಅದರ ಮೇಲೆ ಕೈಯಿಂದ ಬರೆದ ಚಿತ್ರಗಳನ್ನು ಹೊದಿಸಿದರು. ಆಟದ ನಡುವೆ ಗುಂಡಿಯೊಂದನ್ನು ಒತ್ತಿದರೆ, ಸಾವಿರಾರು ಗೆರೆಗಳ ಸಿಂಹ ಕ್ಷಣದಲ್ಲಿ 1989ರ ಕೆಲವೇ ಚೌಕಗಳ ಸಿಂಹವಾಗುತ್ತದೆ, ಆದರೆ ಅದು ಎತ್ತಿದ ಕತ್ತಿಯ ಗತಿ ತಪ್ಪುವುದಿಲ್ಲ. ಚಿತ್ರವನ್ನೂ ನಿಯಮವನ್ನೂ ಅಷ್ಟು ಸ್ವಚ್ಛವಾಗಿ ಬೇರ್ಪಡಿಸಿದ ಕಾರಣದಿಂದ, ನಿಲ್ಲಿಸಿದ ಆಟವನ್ನು ಮುಂದುವರಿಸಲು ಮೂಲ ಆಟ ಕೊಡುತ್ತಿದ್ದ ಪಾಸ್‌ವರ್ಡ್‌ಗಳನ್ನೂ ಹೊಸ ಆವೃತ್ತಿ ಸ್ವೀಕರಿಸುತ್ತದೆ.