ಹಗ್ಗಕ್ಕಿಂತ ದೋಣಿ ಜೋರಾಗಿ ಬರುವುದು ಹೇಗೆ?

ಪ್ರಶ್ನೆ: ನಾನು ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ, ಊರು ಅಂಕೋಲೆ ಕಡೆ. ಡೆರಿವೇಟಿವ್ (ಕ್ಷಣದ ಬದಲಾವಣೆಯ ದರ) ಸೂತ್ರಗಳೆಲ್ಲ ಬಾಯಿಪಾಠ, ಚೈನ್ ರೂಲ್ ಕೂಡ ತಪ್ಪುವುದಿಲ್ಲ. ಆದರೆ ರಿಲೇಟೆಡ್ ರೇಟ್ಸ್ ಲೆಕ್ಕ, ಅಂದರೆ ಒಂದರ ದರದಿಂದ ಇನ್ನೊಂದರ ದರ ಹುಡುಕುವ ಲೆಕ್ಕ, ಬಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಒಂದು ಲೆಕ್ಕ ಹೀಗಿದೆ: ದಕ್ಕೆಯ ಮೇಲೆ ನಿಂತವನು ದೋಣಿಯ ಮುಂತುದಿಗೆ ಕಟ್ಟಿದ ಹಗ್ಗವನ್ನು ಸೆಕೆಂಡಿಗೆ 0.5 ಮೀಟರಿನಂತೆ ಎಳೆಯುತ್ತಾನೆ. ಅವನ ಕೈ ದೋಣಿಯ ತುದಿಗಿಂತ 3 ಮೀಟರ್ ಮೇಲಿದೆ. ದೋಣಿ ದಕ್ಕೆಯಿಂದ 4 ಮೀಟರ್ ದೂರವಿದ್ದಾಗ ಅದರ ವೇಗವೆಷ್ಟು? ನನಗೆ 0.4 ಬಂತು. ಪುಸ್ತಕದ ಹಿಂದೆ 0.625 ಎಂದಿದೆ. ಎಳೆಯುವ ಹಗ್ಗಕ್ಕಿಂತ ದೋಣಿ ಜೋರಾಗಿ ಬರುವುದು ಸಾಧ್ಯವೇ?

ಉತ್ತರ: ಸಾಧ್ಯ. ಪುಸ್ತಕದ ಉತ್ತರವೇ ಸರಿ. ಕಾರವಾರಕ್ಕೆ ಹೋದಾಗ ಬೈತಖೋಲ ಬಂದರಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹಗ್ಗ ಎಳೆಯುವವನ ಕೈ ಒಂದೇ ಹದದಲ್ಲಿದ್ದರೂ ಕೊನೆಯ ಒಂದೆರಡು ಮಾರು ದೂರವನ್ನು ದೋಣಿ ಸರ್ರನೆ ದಾಟುತ್ತದೆ. ದಕ್ಕೆಯ ಗೋಡೆಗೆ ಹಳೆಯ ಟಯರು ಕಟ್ಟಿರುವುದು ಸುಮ್ಮನೆ ಅಲ್ಲ. ನಿಮ್ಮ 0.4ರ ಬಗ್ಗೆ ನಾಚಿಕೆ ಬೇಡ. ನನ್ನ ಕಾಲದಲ್ಲಿ ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಬಂದವನು.

ಆ 0.4 ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ದೂರ 4, ಎತ್ತರ 3, ಹಾಗಾಗಿ ಹಗ್ಗ 5 ಮೀಟರ್. ಫಿಸಿಕ್ಸ್ ತರಗತಿಯ ಅಭ್ಯಾಸಬಲದಿಂದ ಹಗ್ಗದ ವೇಗದ ಅಡ್ಡ ಕಾಂಪೊನೆಂಟ್ ತೆಗೆದಿರಿ: 0.5 × 4/5 = 0.4. ತಪ್ಪು ಗುಣಾಕಾರದಲ್ಲಿಲ್ಲ. ಯಾವುದು ಇಡೀ ಚಲನೆ, ಯಾವುದು ಅದರ ಅಂಶ ಎನ್ನುವುದು ತಿರುವುಮುರುವಾಗಿದೆ. ದೋಣಿ ನೀರಿನ ಮೇಲೆ ನೇರ ದಕ್ಕೆಯತ್ತ ಬರುತ್ತದೆ, ಇಡೀ ಚಲನೆ ಅದೇ. ಆ ಚಲನೆ ಎರಡು ಕೆಲಸ ಮಾಡುತ್ತದೆ: ಹಗ್ಗವನ್ನು ಗಿಡ್ಡ ಮಾಡುತ್ತದೆ, ಜೊತೆಗೆ ಹಗ್ಗದ ಓರೆಯನ್ನೂ ಬದಲಿಸುತ್ತದೆ. ಹಗ್ಗ ಗಿಡ್ಡವಾಗುವುದಕ್ಕೆ ಸಲ್ಲುವುದು ಒಂದು ಪಾಲು ಮಾತ್ರ. ಅಂದರೆ ದೋಣಿಯ ವೇಗದ 4/5 ಪಾಲು 0.5 ಆಗಬೇಕು. ಗುಣಿಸುವಲ್ಲಿ ಭಾಗಿಸಿ, 0.625 ಬರುತ್ತದೆ.

ನನ್ನ ಮಾತು ನಂಬಬೇಡಿ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯಿತು ಎನ್ನಿ. ಹಗ್ಗ 5ರಿಂದ 4.95ಕ್ಕೆ ಇಳಿಯಿತು. ಪೈಥಾಗೊರಸ್ ಪ್ರಕಾರ ಈಗ ದೂರ √(4.95² − 9), ಅಂದರೆ 3.9373. ದೋಣಿ 0.0627 ಮೀಟರ್ ಸರಿದಿದೆ; ಸೆಕೆಂಡಿನ ಲೆಕ್ಕಕ್ಕೆ ತಂದರೆ 0.627. ನೂರನೇ ಒಂದು ಭಾಗ ಹಿಡಿದರೆ 0.6252. ಅವಧಿ ಕಿರಿದಾದಷ್ಟೂ ಅಂಕಿ 0.625ಕ್ಕೆ ಅಂಟಿಕೊಳ್ಳುತ್ತದೆ, 0.4ರ ಹತ್ತಿರವೂ ಸುಳಿಯುವುದಿಲ್ಲ. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ಚಲನೆಗೆ ‘ತಾತ್ಕಾಲಿಕ ಗತಿ’ ಎಂಬ ಮಾತು ಬಳಸಿದ್ದಾರೆ. ದಿನವಿಡೀ ಎಷ್ಟು ಸರಿಯಿತು ಎಂಬುದಲ್ಲ, ಆ ಹೊತ್ತಿನಲ್ಲಿ ಎಷ್ಟು ವೇಗ ಎಂಬುದು. ಈಗ ‘ತಾತ್ಕಾಲಿಕ’ ಎಂದರೆ ತಾತ್ಕಾಲಿಕ ನೌಕರಿ, ತಾತ್ಕಾಲಿಕ ಸೇತುವೆ ಅಷ್ಟೇ ನೆನಪಾಗುತ್ತದೆ. ಪದದ ಒಳಗಿರುವ ‘ತತ್ಕಾಲ’ವನ್ನು ಹಿಡಿದುಕೊಂಡರೆ ಡೆರಿವೇಟಿವ್ ಅರ್ಧ ಅರ್ಥವಾದಂತೆ.

ಇನ್ನು ‘ಎಲ್ಲಿಂದ ಶುರು ಮಾಡಲಿ’ ಎಂಬ ನಿಮ್ಮ ನಿಜವಾದ ಪ್ರಶ್ನೆ. ಲೆಕ್ಕದ ವಾಕ್ಯದಲ್ಲಿ ಅಂಕಿಗಳು ಎರಡು ಜಾತಿಯವು. 3 ಮೀಟರ್ ಎತ್ತರ ಮತ್ತು ಎಳೆಯುವ 0.5, ಇವು ಎಳೆತ ಮುಗಿಯುವವರೆಗೂ ಹಾಗೇ ಇರುತ್ತವೆ. 4 ಮೀಟರ್ ದೂರ, ಅದರಿಂದ ಬಂದ 5 ಮೀಟರ್ ಹಗ್ಗ, ಇವು ಒಂದು ಕ್ಷಣದ ನಿಜ. ಕಣ್ಣು ಮಿಟುಕಿಸಿದರೆ ಸುಳ್ಳು. ಮೊದಲು ಎಲ್ಲ ಕ್ಷಣಕ್ಕೂ ನಿಜವಾದ ಸಂಬಂಧ ಬರೆಯಿರಿ. ಹಗ್ಗಕ್ಕೆ ಹ, ದೂರಕ್ಕೆ ದ ಎಂದಿಟ್ಟುಕೊಂಡರೆ

ಹ² = ದ² + 9

ಇದು ದೋಣಿ ಎಲ್ಲಿದ್ದರೂ ಸರಿ. ಈಗ ಎರಡೂ ಬದಿಯನ್ನು ಕಾಲಕ್ಕೆ ಸಂಬಂಧಿಸಿ ಡಿಫರೆನ್ಷಿಯೇಟ್ ಮಾಡಿ, ಅಂದರೆ ಅವುಗಳ ಡೆರಿವೇಟಿವ್ ತೆಗೆಯಿರಿ. ಕಾಲ ಸೂತ್ರದಲ್ಲಿ ಕಾಣುವುದಿಲ್ಲ, ಆದರೆ ಹ ಮತ್ತು ದ ಎರಡೂ ಅದರ ಜೊತೆ ಬದಲಾಗುತ್ತಿವೆ. ಹಾಗಾಗಿ ಇಲ್ಲಿ ಚೈನ್ ರೂಲ್: ಹ² ಬದಲಾಗುವ ದರ ಎಂದರೆ 2 ಹ ಗುಣಿಸು ಹ ಬದಲಾಗುವ ದರ, ದ²ಕ್ಕೂ ಹಾಗೆಯೇ. ದರವನ್ನು ಮೇಲೊಂದು ಗೀಟು ಹಾಕಿ ತೋರಿಸೋಣ:

2 ಹ ಹ′ = 2 ದ ದ′

ಇಷ್ಟಾದ ಮೇಲೆಯೇ ಹ = 5, ದ = 4, ಹ′ = −0.5 ಎಂದು ಹಾಕುವುದು. ಹಗ್ಗ ಕುಗ್ಗುತ್ತಿರುವುದರಿಂದ ಮೈನಸ್, ಉತ್ತರವೂ −0.625 ಬರುತ್ತದೆ, ದೂರ ಕಡಿಮೆಯಾಗುತ್ತಿದೆ ಎಂದು ಅರ್ಥ. ಗಡಿಬಿಡಿಯಲ್ಲಿ ಅಂಕಿ ಮೊದಲೇ ತುಂಬಿದರೆ ಏನಾಗುತ್ತದೆ? 25 = 16 + 9. ಡಿಫರೆನ್ಷಿಯೇಟ್ ಮಾಡಿದರೆ 0 = 0. ದೋಣಿಗೆ ಲಂಗರು ಹಾಕಿ ಅದರ ವೇಗ ಕೇಳಿದ ಹಾಗಾಯಿತು. ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಈ ಬಗೆಯ ಲೆಕ್ಕ ಕೆಟ್ಟದ್ದು ಹೆಚ್ಚಾಗಿ ಇಲ್ಲೇ. ಚೈನ್ ರೂಲ್ ಬಾರದೆ ಅಲ್ಲ.

ಉತ್ತರ ಸಿಕ್ಕಿತೆಂದು ಪುಟ ತಿರುವಬೇಡಿ. ದ′ = ಹ ಹ′ / ದ ಎಂಬ ಸಾಲನ್ನು ಸ್ವಲ್ಪ ಓದಿ. ದೋಣಿ 12 ಮೀಟರ್ ದೂರವಿದ್ದಾಗ ವೇಗ ಸುಮಾರು 0.515, ಹಗ್ಗದ ವೇಗಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಹಗ್ಗ ಹೆಚ್ಚುಕಡಿಮೆ ಮಲಗಿಯೇ ಇದೆ. 1 ಮೀಟರ್ ಉಳಿದಾಗ 1.58. ದೂರ ಸೊನ್ನೆಯಾದರೆ ಭಾಗಿಸಲು ಬರುವುದಿಲ್ಲ, ಸೂತ್ರ ‘ಅನಂತ’ ಎನ್ನುತ್ತದೆ. ಯಾವ ದೋಣಿಯೂ ಅನಂತ ವೇಗದಲ್ಲಿ ಬಂದು ದಕ್ಕೆಗೆ ಬಡಿದಿಲ್ಲ. ಹಗ್ಗ ನೆಟ್ಟಗಾಗುತ್ತ ಬಂದಂತೆ ಅದೇ ಹದದಲ್ಲಿ ಎಳೆಯಲು ಆಗುವುದಿಲ್ಲ, ಎಳೆದರೆ ದೋಣಿಯ ಮೂತಿ ಮೇಲೇಳುತ್ತದೆ. ಆಗ ನಾವು ಬರೆದ ತ್ರಿಕೋನವೇ ಸುಳ್ಳಾಯಿತು. ಗೋಡೆಗೆ ಒರಗಿಸಿದ ಏಣಿ ಜಾರುವ ಲೆಕ್ಕವೂ ಇದೇ ತ್ರಿಕೋನ, ಇದೇ ಕಥೆ. (ಪಠ್ಯಪುಸ್ತಕದ ಏಣಿಗಳು ಯಾಕೋ ಯಾವಾಗಲೂ ಜಾರುತ್ತಲೇ ಇರುತ್ತವೆ.)

ತ್ರಿಕೋನ ಇಲ್ಲದ ಒಂದು ಲೆಕ್ಕ ನೋಡೋಣ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬೇಸಿಗೆಯಲ್ಲಿ ಬಿಳಿ ರಾಶಿ ಏಳುವುದನ್ನು ಕಂಡಿರುತ್ತೀರಿ. ರಾಶಿ ಶಂಕುವಿನಂತಿದೆ, ಇಳಿಜಾರು ಬದಲಾಗುವುದಿಲ್ಲ, ತ್ರಿಜ್ಯ ಯಾವಾಗಲೂ ಎತ್ತರದ ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 0.09 ಘನ ಮೀಟರ್ ಉಪ್ಪು ಸುರಿಯುತ್ತಿದ್ದಾರೆ. ರಾಶಿ 1 ಮೀಟರ್ ಎತ್ತರವಿದ್ದಾಗ ಎಷ್ಟು ಬೇಗ ಏರುತ್ತದೆ?

ಶಂಕುವಿನ ಘನಫಲದಲ್ಲಿ ತ್ರಿಜ್ಯ, ಎತ್ತರ ಎರಡೂ ಇವೆ. ಎರಡನ್ನೂ ಹೊತ್ತುಕೊಂಡು ಹೋದರೆ ತ್ರಿಜ್ಯದ ದರ ಗೊತ್ತಿಲ್ಲದೆ ಅರ್ಧದಾರಿಯಲ್ಲಿ ನಿಲ್ಲುತ್ತೀರಿ. ತ್ರಿಜ್ಯ = 1.5 × ಎತ್ತರ ಎಂಬುದು ಎಲ್ಲ ಕ್ಷಣಕ್ಕೂ ನಿಜ. ಆದ್ದರಿಂದ ಅದನ್ನು ಮೊದಲೇ ತುಂಬಬಹುದು. ಎತ್ತರ 1 ಎಂಬುದನ್ನು ಮಾತ್ರ ತುಂಬಬಾರದು. ಎತ್ತರಕ್ಕೆ ಎ ಎಂದಿಟ್ಟುಕೊಂಡರೆ ಘನಫಲ = 0.75 × ಪೈ × ಎ³, ಅದರ ದರ = 2.25 × ಪೈ × ಎ² × ಎ′. ಎತ್ತರ 1 ಆದಾಗ ಎ′ ನಿಮಿಷಕ್ಕೆ ಸುಮಾರು 1.27 ಸೆಂಟಿಮೀಟರ್, 2 ಮೀಟರ್ ಆದಾಗ ಬರೀ 0.32. ಎತ್ತರ ಎರಡು ಪಟ್ಟಾದರೆ ಏರುವ ವೇಗ ನಾಲ್ಕನೇ ಒಂದು ಪಾಲು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿಯಿದೆ. 2.25 × ಪೈ × ಎ² ಎಂದರೆ ರಾಶಿಯ ಬುಡದ ವಿಸ್ತೀರ್ಣವೇ. ಸುರಿಯುವ ಉಪ್ಪು = ಬುಡದ ವಿಸ್ತೀರ್ಣ × ಎತ್ತರ ಏರುವ ದರ. ಕಾರಣ ಕಣ್ಣಿಗೇ ಕಾಣುವಂಥದು: ಇಳಿಜಾರು ಬದಲಾಗದಿದ್ದರೆ ತುದಿ ಒಂದು ಸೆಂಟಿಮೀಟರ್ ಏರಿದಾಗ ಮೈಯ ಪ್ರತಿ ಜಾಗವೂ ಅಷ್ಟೇ ಏರುತ್ತದೆ. ಇಡೀ ರಾಶಿಗೆ ಒಂದೇ ದಪ್ಪದ ಹೊದಿಕೆ ಹೊದೆಸಿದ ಹಾಗೆ. ಉತ್ತರ ಸರಿಯೋ ಎಂದು ನೋಡಲು ನಾನು ಇದನ್ನೇ ಬಳಸುತ್ತೇನೆ.

ಮತ್ತೆ ದಕ್ಕೆಗೆ ಬರೋಣ. 3 ಮೀಟರ್ ಬದಲಾಗುವುದಿಲ್ಲ ಎಂದೆ. ಆದರೆ ಸಮುದ್ರಕ್ಕೆ ಉಬ್ಬರ ಇಳಿತ ಇದೆಯಲ್ಲ? ಕರಾವಳಿಯ ಹುಡುಗಿ ಈ ತಕರಾರು ಎತ್ತಲೇಬೇಕು. ಯಾರೂ ಹಗ್ಗ ಎಳೆಯುತ್ತಿಲ್ಲ, 5 ಮೀಟರ್ ಹಗ್ಗಕ್ಕೆ ದೋಣಿ ಕಟ್ಟಿದೆ, ನೆಲದ ಕಡೆಯ ಗಾಳಿ ಅದನ್ನು ಹೊರಕ್ಕೆ ತಳ್ಳಿ ಹಗ್ಗ ಬಿಗಿಯಾಗಿದೆ, ನೀರು ಗಂಟೆಗೆ 0.4 ಮೀಟರಿನಂತೆ ಏರುತ್ತಿದೆ ಎನ್ನಿ. ಚಿತ್ರ ಅದೇ. ಈಗ ಬದಲಾಗದೆ ನಿಂತದ್ದು ಹ, ಬದಲಾಗುವುದು ಎತ್ತರ. ಹ² = ದ² + ಎ² ಎಂದು ಬರೆದು ಡಿಫರೆನ್ಷಿಯೇಟ್ ಮಾಡಿದರೆ 0 = ದ ದ′ + ಎ ಎ′. ಎತ್ತರ ಕುಗ್ಗುತ್ತಿರುವುದರಿಂದ ಎ′ = −0.4; ದ′ = 3 × 0.4 / 4 = 0.3. ದೋಣಿ ಗಂಟೆಗೆ 0.3 ಮೀಟರಿನಂತೆ ದಕ್ಕೆಯಿಂದ ದೂರ ಸರಿಯುತ್ತದೆ.

ಹಾಗಾದರೆ ನಿಮ್ಮ ಲೆಕ್ಕದಲ್ಲಿ ಉಬ್ಬರವನ್ನು ಬಿಟ್ಟದ್ದು ಸರಿಯೇ? 0.625ರಿಂದ 0.3 ಕಳೆಯಲು ಹೊರಡಬೇಡಿ. ಒಂದು ಸೆಕೆಂಡಿನದು, ಇನ್ನೊಂದು ಗಂಟೆಯದು. ಗಂಟೆಗೆ 0.3 ಮೀಟರ್ ಅಂದರೆ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಹಗ್ಗ ಎಳೆಯುವವನಿಗೆ ಅದು ಗೊತ್ತೂ ಆಗುವುದಿಲ್ಲ.