ಫಾಲ್ಕನ್, ಕಮೊಡೋರ್ ಮರೆಯಾಗಿದ್ದು ಪೆಟ್ರೋಲ್‌ನಿಂದ ಅಲ್ಲ, ಸ್ವಾಮಿ

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಮೊದಲು ಎಲ್ಲಿ ನೋಡಿದರೂ ಹೋಲ್ಡನ್ ಕಮೊಡೋರ್, ಫೋರ್ಡ್ ಫಾಲ್ಕನ್ ಕಾರುಗಳೇ ಇದ್ದವಂತೆ. ಈಗ ಸೆಕೆಂಡ್ ಹ್ಯಾಂಡ್ ಬಿಟ್ಟರೆ ಸಿಗೋದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತವೆ ಅಂತ ತಾನೇ ಜನ ಬಿಟ್ಟಿದ್ದು?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೆಲ್ಬರ್ನ್‌ಗೆ ಹೊಸದಾಗಿ ಬಂದು ಹಳೇ ಕಾರು ಹುಡುಕುವವರೆಲ್ಲ ಇದನ್ನೇ ಕೇಳುತ್ತಾರೆ. ಕೇಳುವುದು ಅಂದರೂ ತಪ್ಪೇ. ಉತ್ತರ ಅವರೇ ಹೇಳಿಬಿಟ್ಟು ನನ್ನ ಬಾಯಿಂದ ಒಂದು 'ಹೂಂ' ಬರಲಿ ಅಂತ ಕಾಯುತ್ತಾರೆ. ಆ ಹೂಂ ಬರುವುದಿಲ್ಲ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ಪೆಟ್ರೋಲ್ ಕಥೆ ನಂಬುವ ಹಾಗೇ ಇದೆ, ಒಪ್ಪುತ್ತೇನೆ. ಫಾಲ್ಕನ್‌ಗೆ 4 ಲೀಟರಿನ ಆರು ಸಿಲಿಂಡರ್ ಎಂಜಿನ್. ಕಮೊಡೋರ್‌ಗೆ 3.6 ಲೀಟರಿನ ವಿ6. 2008ರಲ್ಲಿ ಪೆಟ್ರೋಲ್ ಬೆಲೆ ಗಗನಕ್ಕೇರಿತು, ಇವುಗಳ ಮಾರಾಟ ಇಳಿಯುತ್ತಾ ಬಂತು. ಎರಡನ್ನೂ ಗಂಟು ಹಾಕಿದರೆ ಮುಗಿಯಿತು, ಅಲ್ವಾ?

ಈ ದೊಡ್ಡ ಸೆಡಾನ್‌ಗಳನ್ನು ಬಿಟ್ಟವರು ಎಲ್ಲಿಗೆ ಹೋದರು ಅಂತ ಒಮ್ಮೆ ನೋಡಿ. ಕೆಲವರು ಚಿಕ್ಕ ಕಾರಿಗೆ ಹೋದರು, ನಿಜ. 1996ರಿಂದ 2010ರವರೆಗೆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದುದು ಕಮೊಡೋರ್. 2011ರಲ್ಲಿ ಆ ಪಟ್ಟ ಮಜ್ದಾ 3ಕ್ಕೆ ಹೋಯಿತು. ಆದರೆ ಆಮೇಲೆ? 2016ರಲ್ಲಿ ಟೊಯೋಟಾ ಹೈಲಕ್ಸ್. 2023ರಲ್ಲಿ ಫೋರ್ಡ್ ರೇಂಜರ್. ಎರಡು ಟನ್ ತೂಗುವ, ಗೋಡ್ರೆಜ್ ಬೀರುವಿನ ಹಾಗೆ ನೆಟ್ಟಗೆ ನಿಂತ ಗಾಡಿಗಳು. 'ಅವು ಡೀಸೆಲ್ ಸಾರ್' ಅಂತ ಒಬ್ಬರು ಕೈ ಎತ್ತೇ ಎತ್ತುತ್ತಾರೆ. ಡೀಸೆಲ್ ಇಲ್ಲೇನೂ ಅಗ್ಗ ಅಲ್ಲ. ಬಂಕ್‌ನಲ್ಲಿ ಬೋರ್ಡ್ ನೋಡಿ.

ಡೀಸೆಲ್ ಮಾತೇ ಬೇಡ ಅಂದರೆ ಟೆರಿಟರಿ ತಗೊಳ್ಳಿ. 2004ರಲ್ಲಿ ಫೋರ್ಡ್ ಇದನ್ನು ತಂದಿತು. ಫಾಲ್ಕನ್‌ನ ತಳಪಾಯದ ಮೇಲೇ ಕಟ್ಟಿದ ಎಸ್‌ಯುವಿ. ತಯಾರಾಗಿದ್ದು ಫಾಲ್ಕನ್ ಮಾಡುತ್ತಿದ್ದ ಅದೇ ಫ್ಯಾಕ್ಟರಿಯಲ್ಲಿ, ಮೆಲ್ಬರ್ನ್‌ನ ಬ್ರಾಡ್‌ಮೆಡೋಸ್‌ನಲ್ಲಿ. ಎಂಜಿನ್ನೂ ಅದೇ 4 ಲೀಟರಿನದು. ತೂಕ ಜಾಸ್ತಿ, ಆದ್ದರಿಂದ ಪೆಟ್ರೋಲೂ ಜಾಸ್ತಿ. ಡೀಸೆಲ್ ಎಂಜಿನ್ ಬಂದಿದ್ದು 2011ರಲ್ಲಿ. ಅಲ್ಲಿಯವರೆಗೆ ಜನ ಸುಮ್ನಿದ್ದರಾ? ಮಕ್ಕಳಿದ್ದ ಸಂಸಾರಗಳು ಮುಗಿಬಿದ್ದು ಕೊಂಡವು. ಪಕ್ಕದಲ್ಲೇ ನಿಂತಿದ್ದ, ಅದಕ್ಕಿಂತ ಕಡಿಮೆ ಕುಡಿಯುವ ಫಾಲ್ಕನ್‌ನ ಮಾರಾಟ ಇಳಿಯುತ್ತಲೇ ಹೋಯಿತು.

ಇನ್ನೂ ಸಾಲದಾದರೆ ಕೇಳಿ. 2012ರಲ್ಲಿ ಫೋರ್ಡ್ ಫಾಲ್ಕನ್‌ಗೆ 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ಹಾಕಿತು. ಕಂಪನಿಯ ಲೆಕ್ಕದಲ್ಲಿ 100 ಕಿ.ಮೀ.ಗೆ 8.1 ಲೀಟರ್. ಮೂಗು ಹಗುರ, ತಿರುವಿನಲ್ಲಿ ಹಿತ. ಓಡಿಸಿ ನೋಡಿ ಬರೆದವರು ಹೊಗಳಿದರು. ಎಲ್‌ಪಿಜಿ ಫಾಲ್ಕನ್ ಅಂತೂ ಮೊದಲೇ ಇತ್ತು. ಪೆಟ್ರೋಲ್ ಒಂದೇ ತೊಂದರೆಯಾಗಿದ್ದರೆ ಇವೆರಡೂ ಬಿಸಿ ದೋಸೆಯಂತೆ ಖಾಲಿಯಾಗಬೇಕಿತ್ತು. ಒಂದು ಕಾಲಕ್ಕೆ ವರ್ಷಕ್ಕೆ 70 ಸಾವಿರ ದಾಟುತ್ತಿದ್ದ ಫಾಲ್ಕನ್, ಆ ವರ್ಷ ಮಾರಾಟವಾಗಿದ್ದು ಸುಮಾರು 14 ಸಾವಿರ. 2018ರಲ್ಲಿ ಹೋಲ್ಡನ್ ಜರ್ಮನಿಯಿಂದ ಕಮೊಡೋರ್ ಹೆಸರಿನ ಕಾರು ತರಿಸಿತು. ಅದರಲ್ಲೂ ನಾಲ್ಕು ಸಿಲಿಂಡರ್ ಟರ್ಬೊ ಇತ್ತು, ಡೀಸೆಲ್ ಇತ್ತು. ಎರಡೇ ವರ್ಷಕ್ಕೆ ಆ ಹೆಸರನ್ನೇ ಕೈಬಿಟ್ಟರು.

ಹಾಗಾದರೆ ಕಾರಣ ಏನು? ಮೊದಲು, ಈ ಕಾರುಗಳನ್ನು ಕೊಳ್ಳುತ್ತಿದ್ದವರು ಯಾರು ಅಂತ ಗೊತ್ತಿರಬೇಕು. ಶೋರೂಮಿಗೆ ಬಂದು ಸ್ವಂತ ದುಡ್ಡು ಕೊಟ್ಟು ಒಯ್ಯುತ್ತಿದ್ದವರು ಕಡಿಮೆ. ಸರ್ಕಾರಿ ಇಲಾಖೆ, ಪೊಲೀಸ್, ಟ್ಯಾಕ್ಸಿ, ಕಂಪನಿಗಳೇ ದೊಡ್ಡ ಗಿರಾಕಿ. ಆಫೀಸ್ ಕಾರಿನ ಮೇಲಿನ ತೆರಿಗೆ ಬೇರೆ ವಿಚಿತ್ರವಾಗಿತ್ತು. ಜಾಸ್ತಿ ಕಿ.ಮೀ. ಓಡಿಸಿದಷ್ಟೂ ತೆರಿಗೆ ಕಡಿಮೆ! ಮಾರ್ಚ್ 31 ಹತ್ತಿರ ಬಂದರೆ ಮೀಟರ್ ತುಂಬಿಸುವುದಕ್ಕೇ ಸುಮ್ನೆ ಊರೂರು ಸುತ್ತುವವರಿದ್ದರು. ಅಂಥವರಿಗೆ ದೊಡ್ಡ ಸೆಡಾನ್‌ಗಿಂತ ಒಳ್ಳೇ ಕಾರು ಯಾವುದಿದೆ? 2011ರಲ್ಲಿ ಆ ಸೂತ್ರ ಬದಲಾಯಿತು. ಅಷ್ಟರಲ್ಲಿ ನೌಕರರೂ ತಮಗೆ ಬೇಕಾದ ಕಾರನ್ನೇ ಲೀಸ್‌ಗೆ ಆರಿಸಿಕೊಳ್ಳುತ್ತಿದ್ದರು. ಆಯ್ಕೆ ಸಿಕ್ಕಿದ ಮೇಲೆ ಕಮೊಡೋರ್ ಆರಿಸಿದವರು ಕಡಿಮೆ.

ಎರಡನೆಯದು ಆಮದು ಸುಂಕ. 1980ರ ದಶಕದಲ್ಲಿ ಹೊರಗಿನ ಕಾರಿಗೆ ಶೇ 57.5 ಸುಂಕ ಇತ್ತು. ಆಗ ಕೈಗಾರಿಕಾ ಮಂತ್ರಿಯಾಗಿದ್ದ ಜಾನ್ ಬಟನ್ ಹಾಕಿದ ದಾರಿಯಲ್ಲಿ ಅದು ಇಳಿಯುತ್ತಾ ಹೋಗಿ 2010ಕ್ಕೆ ಶೇ 5ಕ್ಕೆ ಬಂತು. 2005ರಿಂದ ಥಾಯ್ಲೆಂಡ್ ಗಾಡಿಗಳಿಗೆ ಅದೂ ಇಲ್ಲ. ಇಲ್ಲಿನ ಯೂಟ್‌ಗಳು, ಅಂದರೆ ಹೈಲಕ್ಸ್, ರೇಂಜರ್‌ನಂಥ ಪಿಕಪ್‌ಗಳು, ಹೆಚ್ಚಾಗಿ ಎಲ್ಲಿಂದ ಬರುತ್ತವೆ ಅಂತ ಈಗ ಹೇಳಬೇಕಾಗಿಲ್ಲ. ಸುಂಕದ ಬೇಲಿ ಇದ್ದಾಗ ಅಂಗಡಿಯಲ್ಲಿ ಕೈಗೆಟುಕುವ ದೊಡ್ಡ ಕಾರು ಅಂದರೆ ಮುಖ್ಯವಾಗಿ ಈ ಎರಡೇ. ಬೇಲಿ ತೆಗೆದ ಮೇಲೆ ಜನ ಸುತ್ತ ನೋಡಿದರು, ಅಷ್ಟೇ.

ಬ್ರಾಡ್‌ಮೆಡೋಸ್ 2016ರ ಅಕ್ಟೋಬರ್ 7ರಂದು ನಿಂತಿತು. ಅಡಿಲೇಡ್ ಪಕ್ಕದ ಎಲಿಜಬೆತ್‌ನಲ್ಲಿದ್ದ ಹೋಲ್ಡನ್ ಫ್ಯಾಕ್ಟರಿ 2017ರ ಅಕ್ಟೋಬರ್ 20ರಂದು.

ಈ ಎರಡರ ನಡುವೆ ಇನ್ನೊಂದು ಬಾಗಿಲು ಮುಚ್ಚಿತು. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮೆಲ್ಬರ್ನ್‌ನ ಆಲ್ಟೋನಾದ ಟೊಯೋಟಾ ಫ್ಯಾಕ್ಟರಿ, 2017ರ ಅಕ್ಟೋಬರ್ 3. ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಮನೆ ಮಾಡಿರುವ ನಮ್ಮವರಿಗೆ ಊರ ಪಕ್ಕದ ಜಾಗ. ಅಲ್ಲಿ ಕ್ಯಾಮ್ರಿ ತಯಾರಾಗುತ್ತಿತ್ತು. ನಾಲ್ಕು ಸಿಲಿಂಡರ್, 2010ರಿಂದ ಹೈಬ್ರಿಡ್ ಕೂಡ. 2012ರಲ್ಲಿ ಸುಮಾರು 1 ಲಕ್ಷ ಕಾರು ಮಾಡಿದರು, ಹೆಚ್ಚಿನವು ಕೊಲ್ಲಿ ದೇಶಗಳಿಗೆ ಹೋದವು. ಪೆಟ್ರೋಲ್ ಕುಡುಕ ಅಂತ ಬೈಯಲಾಗದ, ಗಿರಾಕಿ ಇದ್ದ ಕಾರು. ಆದರೂ ಮುಚ್ಚಿದರು. ಆಸ್ಟ್ರೇಲಿಯಾ ಡಾಲರ್ ಅಮೆರಿಕದ ಡಾಲರನ್ನೂ ಮೀರಿ ಏರಿ ರಫ್ತಿನ ಲಾಭ ತಿಂದುಹಾಕಿತ್ತು. ಫೋರ್ಡ್, ಹೋಲ್ಡನ್ ಎರಡೂ ಹೊರಡುತ್ತೇವೆ ಅಂದ ಮೇಲೆ ಬಿಡಿಭಾಗ ಮಾಡುವ ಕಂಪನಿಗಳು ಟೊಯೋಟಾ ಒಂದನ್ನೇ ನಂಬಿ ಬದುಕುವಂತಿರಲಿಲ್ಲ.

ಇದೇ ಕ್ಯಾಮ್ರಿ ಹೈಬ್ರಿಡ್‌ನ ಜೋಡಣೆ 2013ರಲ್ಲಿ ನಮ್ಮ ಬಿಡದಿಯಲ್ಲಿ ಶುರುವಾಯಿತು. ಆಲ್ಟೋನಾದ ಲಕ್ಷದ ಲೆಕ್ಕದ ಮುಂದೆ ಅಲ್ಲಿನದು ಚಿಲ್ಲರೆ. ಆದರೂ ಲೆಕ್ಕ ಕೂಡಿ ಬರುತ್ತಿತ್ತು. ಭಾರತಕ್ಕೆ ಪೂರ್ತಿ ತಯಾರಾದ ಕಾರು ತರಿಸಿದರೆ ಆಗ ಕನಿಷ್ಠ ಶೇ 60 ಸುಂಕ.